ಬಾವಿಕಟ್ಟೆಯ ಕೈಪಂಪು: ಎಂಟು ಮಳೆಗಾಲದ ನಂತರ

ನಮ್ಮ ಮನೆ ತೀರ್ಥಹಳ್ಳಿ ಕಡೆ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಎರಡು ಮೂರು ದಿನ ಕರೆಂಟ್ ಇರುವುದಿಲ್ಲ, ಮೋಟಾರೂ ಇಲ್ಲ. ಅಮ್ಮನಿಗೆ ಹಗ್ಗ ಹಿಡಿದು ನೀರು ಸೇದಲು ಭುಜನೋವು. ಅದಕ್ಕೇ ಎಂಟು ವರ್ಷದ ಹಿಂದೆ ಬಾವಿಕಟ್ಟೆಯ ಮೇಲೆ ಬೀಡುಕಬ್ಬಿಣದ ಕೈಪಂಪು ಕೂರಿಸಿದೆವು. ಮಳೆಗಾಲಕ್ಕೆ ಇದರಷ್ಟು ನಂಬಿಕಸ್ಥ ವಸ್ತು ನಮ್ಮ ಮನೆಯಲ್ಲಿ ಬೇರೆ ಇಲ್ಲ. ಬೇಸಿಗೆಗೆ ಮಾತ್ರ ನೆಚ್ಚಿಕೊಳ್ಳಬೇಡಿ.

ಅಂಗಡಿಯಲ್ಲಿ 35 ಅಡಿಯಿಂದಲೂ ನೀರು ಎಳೆಯುತ್ತದೆ ಎಂದಿದ್ದರು. ಮೊದಲ ಏಪ್ರಿಲ್‌ನಲ್ಲೇ ಬಾವಿ ನೀರು 30 ಅಡಿಗೆ ಇಳಿಯಿತು. ಎಷ್ಟು ಒತ್ತಿದರೂ ಬರೀ ಗಾಳಿ. ಆಮೇಲೆ ಗೊತ್ತಾಯಿತು, ಪಂಪು ನೀರನ್ನು ಎಳೆಯುವುದೇ ಇಲ್ಲ. ಪೈಪಿನೊಳಗಿನ ಗಾಳಿಯನ್ನು ತೆಗೆಯುತ್ತದೆ ಅಷ್ಟೇ. ಹೊರಗಿನ ಗಾಳಿಯ ಒತ್ತಡ ಬಾವಿಯ ನೀರನ್ನು ಮೇಲಕ್ಕೆ ತಳ್ಳುತ್ತದೆ. ಅದು ತಳ್ಳಬಲ್ಲ ಎತ್ತರ ಲೆಕ್ಕದಲ್ಲಿ ಸುಮಾರು 10 ಮೀಟರ್. ಕೆಲಸದಲ್ಲಿ 7 ಮೀಟರ್, ಅಂದರೆ 23 ಅಡಿ. ಹಾಗಾಗಿ ಕೊಳ್ಳುವ ಮೊದಲು ಏಪ್ರಿಲ್, ಮೇ ತಿಂಗಳಲ್ಲಿ ಹಗ್ಗ ಬಿಟ್ಟು ನೀರಿನ ಮಟ್ಟ ಅಳೆಯಿರಿ. ಶಾಲೆ ಪಕ್ಕದ ಬೋರಿಗೆ ಹಾಕಿರುವ ಇಂಡಿಯಾ ಮಾರ್ಕ್ 2 ಕೈಪಂಪು ಬೇರೆಯೇ. ಅದರ ಸಿಲಿಂಡರ್ ಕೆಳಗೆ ನೀರಿನೊಳಗೇ ಇರುತ್ತದೆ. ಹೀರುವ ಕೆಲಸವೇ ಇಲ್ಲ, ಎತ್ತುವುದಷ್ಟೇ. ಅದಕ್ಕೇ 150 ಅಡಿಯಿಂದಲೂ ನೀರು ಬರುತ್ತದೆ.

ನಮ್ಮ ಪಂಪಿನ ಜೀವ ಇರುವುದು ಎರಡು ವಾಲ್ವ್ ಮತ್ತು ಒಂದು ಚರ್ಮದ ವಾಷರ್‌ನಲ್ಲಿ. ಹಿಡಿ ಒತ್ತಿದಾಗ ಒಳಗಿನ ಪಿಸ್ಟನ್ ಮೇಲೇರುತ್ತದೆ, ಬುಡದ ವಾಲ್ವ್ ತೆರೆದು ನೀರು ಒಳಗೆ ಬರುತ್ತದೆ. ಹಿಡಿ ಎತ್ತಿದಾಗ ಬುಡದ್ದು ಮುಚ್ಚುತ್ತದೆ, ಪಿಸ್ಟನ್ನಿನ ವಾಲ್ವ್ ತೆರೆದು ನೀರು ಅದರ ಮೇಲಕ್ಕೆ ಸೇರುತ್ತದೆ. ಒಂದು ಎಲೆಯ ಚೂರು ಬುಡದ ವಾಲ್ವಿಗೆ ಸಿಕ್ಕಿದರೂ ನೀರು ನಿಲ್ಲುವುದಿಲ್ಲ, ವಾಪಸ್ ಬಾವಿಗೆ ಇಳಿದುಹೋಗುತ್ತದೆ. ಒಮ್ಮೆ ಹೀಗಾಗಿ ಇಡೀ ಪಂಪನ್ನೇ ಬಿಚ್ಚಿಸಿದ್ದೆವು. ಪೈಪಿನ ತುದಿಗೆ ಜಾಲರಿ ಕಟ್ಟಿದ ಮೇಲೆ ಆ ತೊಂದರೆ ಇಲ್ಲ.

ಪಿಸ್ಟನ್ ಸುತ್ತಲಿನ ಚರ್ಮದ ವಾಷರ್ ಮೂರು ಸಲ ಬದಲಿಸಿದ್ದೇವೆ. ಹೊಸದನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿಯೇ ಹಾಕಬೇಕು. ತಿಂಗಳುಗಟ್ಟಲೆ ಬಳಸದಿದ್ದರೆ ಚರ್ಮ ಒಣಗಿ ಕುಗ್ಗುತ್ತದೆ. ಆಗ ಮೇಲಿನಿಂದ ಒಂದೆರಡು ಚೊಂಬು ನೀರು ಹಾಕಿ ಸ್ವಲ್ಪ ಹೊತ್ತು ಬಿಡಿ, ಚರ್ಮ ಉಬ್ಬಿ ಹಿಡಿದುಕೊಳ್ಳುತ್ತದೆ. ಜೂನ್ ಮೊದಲ ವಾರ ನಮ್ಮಲ್ಲಿ ಇದು ಅಮ್ಮನ ಕೆಲಸ.

ಸವೆಯುವುದು ಜಾಸ್ತಿ ಹಿಡಿಯ ಪಿನ್ನು. ಗ್ರೀಸ್ ಮರೆತ ವರ್ಷ ಪಿನ್ನಿನ ತೂತೇ ಅಗಲವಾಗಿ ಹಿಡಿ ಅಲ್ಲಾಡತೊಡಗಿತು. ವೆಲ್ಡಿಂಗ್‌ನವರು ತೂತಿಗೆ ಬುಷ್ (ಒಳಗೆ ಕೂರುವ ಸಣ್ಣ ಕೊಳವೆ) ಹಾಕಿಕೊಟ್ಟರು, ಈಗ ಗಟ್ಟಿಯಾಗಿದೆ.