ಬಟವಾಡೆ ಆಗಿದೆಯಾ? ಕೋಥ್ರೂಡಿನಲ್ಲಿ ಕೊಂಡ ಫೇರ್‌ಟ್ರೇಡ್ ಕಾಫಿಪುಡಿ

ಗಲ್ಲಿಗೊಂದು ಅಮೃತತುಲ್ಯ ಚಹಾದ ಅಂಗಡಿ ಇರುವ ಪುಣೆಯಲ್ಲಿ ಫಿಲ್ಟರ್‌ಗೆ ಒಗ್ಗುವ ಕಾಫಿಪುಡಿ ಹುಡುಕುವುದೇ ಒಂದು ಕೆಲಸ. ಇಪ್ಪತ್ತು ವರ್ಷ ನಮ್ಮ ಮನೆಗೆ ಮೂಡಿಗೆರೆಯಿಂದಲೇ ಪುಡಿ ಬರುತ್ತಿತ್ತು, ಊರಿಂದ ಬರುವ ಯಾರದಾದರೂ ಚೀಲದಲ್ಲಿ. ಅಮ್ಮ ಹೋದ ಮೇಲೆ ತೋಟ ಮಾರಿ ಅಪ್ಪನನ್ನು ಇಲ್ಲಿಗೆ ಕರೆದುಕೊಂಡು ಬಂದೆವು. ಆ ದಾರಿಯೂ ಮುಚ್ಚಿತು. ಹೋದ ತಿಂಗಳು ಕೋಥ್ರೂಡಿನ ಒಂದು ಸಾವಯವ ಅಂಗಡಿಯಲ್ಲಿ ಫೇರ್‌ಟ್ರೇಡ್ ಮುದ್ರೆ (ಬೆಳೆಗಾರರಿಗೆ ನ್ಯಾಯವಾದ ಬೆಲೆ ಸಿಕ್ಕಿದೆ ಎಂದು ಸಾರುವ ಗುರುತು) ಇರುವ ಪೊಟ್ಟಣ ಕಣ್ಣಿಗೆ ಬಿತ್ತು. ರೋಬಸ್ಟಾ, 250 ಗ್ರಾಂ, 420 ರೂಪಾಯಿ. ಚಿಕೋರಿ ಇಲ್ಲ. ಕೊಂಡುಕೊಂಡೆ.

ಡಿಕಾಕ್ಷನ್ ಗಟ್ಟಿಯಾಗಿ ಇಳಿಯುತ್ತದೆ, ಹಾಲು ಬೆರೆಸಿದರೂ ರುಚಿ ಸೋಲುವುದಿಲ್ಲ. ಮೊದಲ ಗುಟುಕಿಗೆ ಕಹಿ ತುಸು ಮುಂದಿದೆ ಅನಿಸಿತು; ಬೆಲ್ಲ ಹಾಕಿದ ಮೇಲೆ ಹದಕ್ಕೆ ಬಂತು. ಪುಡಿ ಮಾತ್ರ ತೀರಾ ನುಣ್ಣಗಿದೆ. ಮೊದಲ ದಿನ ಫಿಲ್ಟರ್ ಕಟ್ಟಿಕೊಂಡು ಒಂದು ಗಂಟೆಯಾದರೂ ಅರ್ಧ ಲೋಟ ಇಳಿಯಲಿಲ್ಲ. ಹುರಿದ ತಾರೀಖು ಪೊಟ್ಟಣದ ಮೇಲೆ ಇಲ್ಲ, ಯಾವ ಊರಿನ ಬೀಜ ಎಂಬುದೂ ಇಲ್ಲ. ಎರಡನೆಯದು ನನಗೆ ದೊಡ್ಡ ಕೊರತೆಯಾಗಿ ಕಂಡಿತು.

ಅಪ್ಪ ಪುಡಿಯನ್ನು ಅಂಗೈಗೆ ಹಾಕಿಕೊಂಡು ಮೂಸಿದರು. "ಹಣ್ಣು ನೋಡಿ ಕುಯ್ದಿದ್ದಾರೆ. ಕಣದಲ್ಲಿ ಚೆನ್ನಾಗಿ ಒಣಗಿದೆ" ಅಂದರು. ಆಮೇಲೆ ಕೇಳಿದರು: "ಬಟವಾಡೆ ಆಗಿದೆಯಾ ಪುಟ್ಟಿ?"

ಬಟವಾಡೆ ಅಂದರೆ ತೋಟದಲ್ಲಿ ವಾರದ ಕೂಲಿ ಹಂಚುವುದು. ಆ ಮಾತು ಎಲ್ಲಿಂದ ಬಂತು ಅಂತ ನನಗೆ ಗೊತ್ತು. 2001ರ ಕೊನೆಗೆ ಅರೇಬಿಕಾದ ಅಂತರರಾಷ್ಟ್ರೀಯ ಬೆಲೆ ಪೌಂಡಿಗೆ 50 ಸೆಂಟ್‌ಗಿಂತ ಕೆಳಗೆ ಬಿದ್ದಿತ್ತು. ನಮ್ಮದು ನಾಲ್ಕು ಎಕರೆ. ಆ ವರ್ಷ ಕುಯ್ಲಿನ ಕೂಲಿಯೇ ಗಿಟ್ಟಲಿಲ್ಲ, ಮೂರು ವಾರ ಬಟವಾಡೆ ತಪ್ಪಿತು. ಸೊಂಟಕ್ಕೆ ಚೀಲ ಕಟ್ಟಿಕೊಂಡು ಕೆಜಿ ಲೆಕ್ಕದಲ್ಲಿ ಹಣ್ಣು ಬಿಡಿಸುತ್ತಿದ್ದ ಹೆಂಗಸರು ಸಂತೆಯ ದಿನ ಬರಿಗೈಯಲ್ಲಿ ಅಂಗಳದಲ್ಲಿ ನಿಂತು ವಾಪಸು ಹೋಗಿದ್ದನ್ನು ನಾನು ನೋಡಿದ್ದೇನೆ. ಅಪ್ಪ ದಿನವೂ ಬೆಳಿಗ್ಗೆ ಮೊದಲ ಲೋಟ ಕಾಫಿಯನ್ನು ಇಷ್ಟಲಿಂಗಕ್ಕೆ ಅರ್ಪಿಸಿಯೇ ಕುಡಿಯುವವರು. ಆ ಮೂರು ವಾರ ಕಾಫಿ ಮುಟ್ಟಲಿಲ್ಲ. "ಕೂಲಿ ಕೊಡದ ಕಾಫಿ ಲಿಂಗಕ್ಕೆ ಸಲ್ಲದು" ಅಂದರು. ಅಮ್ಮನ ಬಳೆ ಅಡವಿಟ್ಟು ಬಾಕಿ ತೀರಿಸಿದ ಮರುದಿನ ಮತ್ತೆ ಕುಡಿದರು. ಸತ್ಯಶುದ್ಧ ಕಾಯಕ ಅನ್ನುವ ಮಾತನ್ನು ಮಠದಲ್ಲಿ ಎಷ್ಟೋ ಸಲ ಕೇಳಿದ್ದೆ. ಅದರ ಅರ್ಥ ಹೊಳೆದದ್ದು ಆ ಖಾಲಿ ಲೋಟ ನೋಡಿ.

ಹಾಗಾಗಿ ಈ ಮುದ್ರೆ ಏನು ಹೇಳುತ್ತದೆ ಅಂತ ಕೂತು ಲೆಕ್ಕ ಹಾಕಿದೆ. ಇದು ಹುಟ್ಟಿದ್ದೂ ಒಂದು ಬಗೆಯ ಭಕ್ತಿಯಿಂದಲೇ. ಮೆಕ್ಸಿಕೋದ ಓಹಾಕಾದಲ್ಲಿ ಕಾಫಿ ಬೆಳೆಗಾರರ ನಡುವೆ ಬದುಕಿದ ಡಚ್ ಪಾದ್ರಿ ಫ್ರಾನ್ಸ್ ವಾನ್ ಡರ್ ಹಾಫ್ ಮತ್ತು ಅವರ ಜೊತೆಗಾರರು 1988ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಇಂಥ ಮೊದಲ ಮುದ್ರೆ ತಂದರು. ಅದರ ನಿಯಮದಂತೆ ಮಾರುಕಟ್ಟೆ ಎಷ್ಟೇ ಕುಸಿದರೂ ಬೆಳೆಗಾರರ ಸಂಘಕ್ಕೆ ಒಂದು ಕನಿಷ್ಠ ಬೆಲೆ ಸಿಗಬೇಕು. 2023ರಲ್ಲಿ ಅದನ್ನು ರೋಬಸ್ಟಾಗೆ ಪೌಂಡಿಗೆ 1.20 ಡಾಲರ್, ತೊಳೆದ ಅರೇಬಿಕಾಗೆ 1.80 ಡಾಲರ್‌ಗೆ ಏರಿಸಿದರು. 2001ರಲ್ಲಿ ನಮಗೆ ಅಂಥದ್ದೊಂದು ತಳ ಇದ್ದಿದ್ದರೆ ಅಮ್ಮನ ಬಳೆ ಕೈಯಲ್ಲೇ ಇರುತ್ತಿತ್ತು. ಬೆಲೆಯ ಮೇಲೆ ಪೌಂಡಿಗೆ 20 ಸೆಂಟ್ ಪ್ರೀಮಿಯಂ, ಅಂದರೆ ಸಂಘಕ್ಕೆ ಸಿಗುವ ಹೆಚ್ಚುವರಿ ಹಣ, ಬೇರೆ. ಹುರಿದಾಗ ತೂಕ ಇಳಿಯುತ್ತದೆ, ಆದ್ದರಿಂದ ನನ್ನ ಪೊಟ್ಟಣಕ್ಕೆ ಸುಮಾರು 300 ಗ್ರಾಂ ಬೀಜ ಬೇಕು. ಅದರ ಪ್ರೀಮಿಯಂ 11–12 ರೂಪಾಯಿ. ಕೊಟ್ಟ 420ರಲ್ಲಿ ಅಷ್ಟು.

ಆ ಹಣವನ್ನು ಹೇಗೆ ಖರ್ಚು ಮಾಡಬೇಕೆಂದು ತೀರ್ಮಾನಿಸುವುದು ಸಂಘದ ಸದಸ್ಯರ ಸಭೆ. ಸದಸ್ಯರೆಂದರೆ ಬೆಳೆಗಾರರು, ನಮ್ಮ ಅಪ್ಪನಂಥವರು. ಅಂಗಳದಲ್ಲಿ ನಿಂತಿದ್ದ ಆ ಹೆಂಗಸರಿಗೆ ಆ ಸಭೆಯಲ್ಲಿ ಕುರ್ಚಿ ಇಲ್ಲ. ಕಾಫಿಯ ಮಟ್ಟಿಗೆ ಈ ಮುದ್ರೆ ಸಣ್ಣ ಬೆಳೆಗಾರರ ಸಂಘಗಳಿಗೆ ಮಾತ್ರ. ಲೈನ್ ಮನೆಗಳಲ್ಲಿ ಕಾರ್ಮಿಕರನ್ನು ಇಟ್ಟುಕೊಂಡ ದೊಡ್ಡ ಎಸ್ಟೇಟುಗಳು ಅದರ ಒಳಗೇ ಬರುವುದಿಲ್ಲ. ಅಪ್ಪನ ಪ್ರಶ್ನೆಗೆ ಪೊಟ್ಟಣದಲ್ಲಿ ಅರ್ಧ ಉತ್ತರವಷ್ಟೇ ಇದೆ.

ಅಂಗಡಿಯ ಬಗ್ಗೆ ಒಳ್ಳೆಯ ಮಾತು ಹೇಳಲೇಬೇಕು. ಎಲ್ಲಿಯ ಬೀಜ ಅಂತ ನನ್ನ ಹರಕು ಮರಾಠಿಯಲ್ಲಿ ಕೇಳಿದಾಗ ಅಲ್ಲಿನ ತಾಯಿ "ಮಾಹಿತ್ ನಾಹಿ" ಅಂದು ಕೈ ತೊಳೆದುಕೊಳ್ಳಲಿಲ್ಲ. ನಂಬರ್ ಬರೆದುಕೊಂಡು ನಾಲ್ಕನೇ ದಿನ ಫೋನ್ ಮಾಡಿದರು: ವಯನಾಡಿನ ಸಣ್ಣ ಬೆಳೆಗಾರರ ಸಂಘವೊಂದರದ್ದು. ವಿಳಾಸವನ್ನೂ ಕೊಟ್ಟರು. ಕುಯ್ಲಿನವರಿಗೆ ಕೆಜಿಗೆ ಎಷ್ಟು ಕೊಡುತ್ತೀರಿ, ಪ್ರೀಮಿಯಂನಲ್ಲಿ ಅವರಿಗೇನಾದರೂ ಪಾಲಿದೆಯೇ ಎಂದು ಸಂಘಕ್ಕೆ ಕಾಗದ ಬರೆದಿದ್ದೇನೆ.

ಈ ನಡುವೆ ಎರಡನೇ ಪೊಟ್ಟಣ ತಂದಾಗಿದೆ. ಈ ಸಲ ಪುಡಿಯ ಬದಲು ಬೀಜ ಕೇಳಿ, ಎದುರಿಗೇ ತರಿತರಿಯಾಗಿ ಮಾಡಿಸಿಕೊಂಡೆ. ಫಿಲ್ಟರ್ ಸರಾಗವಾಗಿ ಇಳಿಯುತ್ತಿದೆ. ನೀವು ಹೋದರೂ ಹಾಗೇ ಕೇಳಿ. ಅಪ್ಪ ಮೊದಲ ಲೋಟವನ್ನು ಎಂದಿನಂತೆ ಲಿಂಗಕ್ಕೆ ಅರ್ಪಿಸಿದರು. "ಬಟವಾಡೆ ವಿಷಯ ಇನ್ನೂ ಗೊತ್ತಾಗಿಲ್ಲವಲ್ಲ ಅಪ್ಪ?" ಅಂದೆ.

"ಕೇಳಿ ಬರೆದಿದ್ದೀಯಲ್ಲ. ಉತ್ತರ ಬರೋ ತನಕ ಕುಡಿಯೋಣ. ಬರದೇ ಇದ್ರೆ ಇನ್ನೊಂದು ಕಾಗದ ಬರಿ."