ರಾಯಚೂರಿನ ಬಿಸಿಲಿಗೆ 4.2 ಸಾಕು: ಪೆಂಟಿಯಂ ಜಿ3258 ಬಳಸಿದವನ ಮಾತು

ಮೊದಲೇ ಹೇಳಿಬಿಡುತ್ತೇನೆ. ಇಂಟೆಲ್ ಪೆಂಟಿಯಂ ಜಿ3258 ಪ್ರೊಸೆಸರನ್ನು (ಕಂಪ್ಯೂಟರಿನ ಮುಖ್ಯ ಚಿಪ್) ಓವರ್‌ಕ್ಲಾಕ್ ಮಾಡಿ, ಅಂದರೆ ಕಂಪನಿ ಕೊಟ್ಟ ವೇಗಕ್ಕಿಂತ ಜಾಸ್ತಿ ಓಡಿಸಿ, 4.5 ಗಿಗಾಹರ್ಟ್ಸ್‌ಗೆ ಏರಿಸಿ ಬಿಡಬೇಡಿ. 4.2ಕ್ಕೆ ನಿಲ್ಲಿಸಿ. ಚಳಿಗಾಲದಲ್ಲಿ ಅದು ಆರಾಮಾಗಿ ಏರುತ್ತದೆ. ಆದರೆ ನಮ್ಮ ಕಡೆ ಮಾರ್ಚ್ ಬಂದ ಮೇಲೆ ಅದರ ನಿಜ ಗೊತ್ತಾಗುತ್ತದೆ. 2014ರ ಕೊನೆಗೆ ಇದನ್ನು ಕೊಂಡೆ. ರಾಯಚೂರಿನ ನನ್ನ ಡಿಟಿಪಿ ಅಂಗಡಿಯಲ್ಲಿ ವರ್ಷಗಟ್ಟಲೆ ದಿನಕ್ಕೆ ಹತ್ತು ತಾಸು ಓಡಿಸಿದ್ದೇನೆ. ಮದುವೆ ಕಾರ್ಡು, ಬಿಲ್ ಬುಕ್ಕು, ಜಾತ್ರೆ ಕರಪತ್ರ, ಬ್ಯಾನರು, ಎಲ್ಲಾ ಇದರ ಮೇಲೇ. ಇಷ್ಟು ಹಳೇ ಚಿಪ್ ಬಗ್ಗೆ ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಸೆಕೆಂಡ್ ಹ್ಯಾಂಡ್‌ನಲ್ಲಿ ಮದರ್‌ಬೋರ್ಡ್ ಸಮೇತ ಇದು ಇನ್ನೂ ಸಿಗುತ್ತದೆ, ತಗೊಳ್ಳೋದಾ ಬೇಡವಾ ಅಂತ ಈ ವರ್ಷ ಮೂವರು ನನ್ನನ್ನು ಕೇಳಿದರು.

ಪೆಂಟಿಯಂ ಅನ್ನೋ ಹೆಸರು ಶುರುವಾಗಿದ್ದು 1993ರಲ್ಲಿ. ಅದಕ್ಕೆ 20 ವರ್ಷ ಆದ ನೆನಪಿಗೆ ಅಂತ ಇಂಟೆಲ್ 2014ರ ನಡುವೆ ಈ ಚಿಪ್ ತಂದಿತು. ಎರಡು ಕೋರ್ (ಲೆಕ್ಕ ಮಾಡೋ ಭಾಗ), ಎರಡೇ ಥ್ರೆಡ್ (ಒಂದೇ ಹೊತ್ತಿಗೆ ಹಿಡಿಯಬಲ್ಲ ಕೆಲಸದ ಸಾಲು), 3.2 ಗಿಗಾಹರ್ಟ್ಸ್, 3 ಎಂಬಿ ಕ್ಯಾಶ್, 53 ವಾಟ್. ಆಗಿನ ಬೆಲೆ 72 ಡಾಲರ್. ಕಾಗದದ ಮೇಲೆ ನೋಡಿದರೆ ಕಚೇರಿ ಕಂಪ್ಯೂಟರಿಗೆ ಹಾಕೋ ಮಾಮೂಲಿ ಚಿಪ್ಪೇ. ವಿಶೇಷ ಇದ್ದಿದ್ದು ಒಂದೇ ಕಡೆ. ಇದರ ಮಲ್ಟಿಪ್ಲೈಯರಿಗೆ, ಅಂದರೆ ಮೂಲ ಗಡಿಯಾರದ ವೇಗವನ್ನು ಎಷ್ಟು ಪಟ್ಟು ಮಾಡಬೇಕು ಅನ್ನೋ ಅಂಕಿಗೆ, ಬೀಗ ಹಾಕಿರಲಿಲ್ಲ.

ಅದು ಯಾಕೆ ದೊಡ್ಡ ವಿಷಯ ಅಂತ ಆ ಕಾಲದವರಿಗೆ ಗೊತ್ತು. ಇಂಟೆಲ್‌ನ ಹಳೇ ಕೋರ್ 2 ಚಿಪ್‌ಗಳ ಕಾಲದಲ್ಲಿ ಅಗ್ಗದ ಚಿಪ್ ತಗೊಂಡು ಬೋರ್ಡಿನ ಬಸ್ (ಚಿಪ್ಪಿಗೂ ಬೋರ್ಡಿಗೂ ನಡುವಿನ ದಾರಿ) ವೇಗ ಏರಿಸಿದರೆ ಆಯ್ತು, ಚಿಪ್ಪೂ ಜೊತೆಗೆ ಏರುತ್ತಿತ್ತು. ಇ5200 ಅಂತ ಒಂದು ಚಿಪ್ ಇತ್ತು, 2.5 ಗಿಗಾಹರ್ಟ್ಸ್‌ದು. ಬಸ್ಸನ್ನು 200ರಿಂದ 266 ಮೆಗಾಹರ್ಟ್ಸ್‌ಗೆ ಏರಿಸಿದರೆ ಸುಮ್ನೆ 3.3 ಆಗುತ್ತಿತ್ತು. 2011ರಲ್ಲಿ ಸ್ಯಾಂಡಿ ಬ್ರಿಡ್ಜ್ ಪೀಳಿಗೆಯ ಚಿಪ್ ಬಂದ ಮೇಲೆ ಆ ದಾರಿ ಮುಚ್ಚಿತು. ಎಲ್ಲವೂ ಒಂದೇ 100 ಮೆಗಾಹರ್ಟ್ಸ್ ಗಡಿಯಾರಕ್ಕೆ ಕಟ್ಟಿಹಾಕಿದ ಹಾಗೆ. ಅದನ್ನು ಐದಾರು ಏರಿಸುವಷ್ಟರಲ್ಲಿ ಹಾರ್ಡ್ ಡಿಸ್ಕ್, ಯುಎಸ್‌ಬಿ ಎಲ್ಲಾ ತಕರಾರು ಶುರು ಮಾಡುತ್ತವೆ. ಉಳಿದಿದ್ದು ಮಲ್ಟಿಪ್ಲೈಯರ್ ಒಂದೇ, ಅದು ತೆರೆದಿರೋದು ಹೆಸರಿನ ಕೊನೆಗೆ ಕೆ ಇರೋ ದುಬಾರಿ ಚಿಪ್‌ಗಳಲ್ಲಿ ಮಾತ್ರ. ನನ್ನಂಥ ಸಣ್ಣ ಅಂಗಡಿಯವರಿಗೆ ಅವು ಎಟುಕುತ್ತಿರಲಿಲ್ಲ. ಹಾಗಾಗಿ ಜಿ3258 ಬಂದ ಸುದ್ದಿ ಓದಿದ ದಿನ ನನಗೆ ನಿಜಕ್ಕೂ ಖುಷಿಯಾಯಿತು.

ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗಿ ಎಸ್‌ಪಿ ರೋಡಿನ ಕಂಪ್ಯೂಟರ್ ಪೇಟೆಯಲ್ಲಿ ತಂದೆ. ಮೂರು ಅಂಗಡಿ ಸುತ್ತಿದ ಮೇಲೆ ಸಿಕ್ಕಿತು. ಕೌಂಟರಿನ ಹುಡುಗ ಒಳ್ಳೆ ಮನಸ್ಸಿನಿಂದಲೇ ಹೇಳಿದ, "ಅಣ್ಣ, ಇದ್ಯಾಕೆ, ಇನ್ನೊಂಚೂರು ಹಾಕಿ ಐ3 ತಗೊಂಡ್ಬಿಡಿ. ಇದನ್ನ ಓವರ್‌ಕ್ಲಾಕ್ ಮಾಡಿ ಸುಟ್ರೆ ವಾರಂಟಿ ಬರಲ್ಲ." ಅವನು ಹೇಳಿದ್ದರಲ್ಲಿ ಅರ್ಧ ಸರಿ ಇತ್ತು, ಅದಕ್ಕೆ ಆಮೇಲೆ ಬರುತ್ತೇನೆ. ಚಿಪ್ಪಿಗೆ ಐದು ಸಾವಿರಕ್ಕೆ ಒಂಚೂರು ಕಮ್ಮಿ ಕೊಟ್ಟೆ. ಅದಕ್ಕೆ ಓವರ್‌ಕ್ಲಾಕ್ ಮಾಡೋಕೆ ಬಿಡೋ ಝಡ್97 ಬೋರ್ಡ್ ತಗೊಂಡಿದ್ದು ಚಿಪ್‌ಗಿಂತ ಜಾಸ್ತಿ ದುಡ್ಡಿಗೆ. ಈ ಲೆಕ್ಕ ಯಾರೂ ಸರಿಯಾಗಿ ಹೇಳುವುದಿಲ್ಲ ನೋಡಿ. ಚಿಪ್ ಅಗ್ಗ. ಅದನ್ನು ಏರಿಸೋಕೆ ಬೇಕಾದ ಬೋರ್ಡು, ಕೂಲರು, ಒಳ್ಳೆ ಎಸ್‌ಎಂಪಿಎಸ್ಸು (ಕರೆಂಟ್ ಕೊಡೋ ಡಬ್ಬಿ) ಅಗ್ಗ ಅಲ್ಲ.

ಕೂಲರ್ ವಿಷಯ. ಡಬ್ಬಿಯಲ್ಲಿ ಬರೋ ಕೂಲರ್ ಸಣ್ಣದು, ನಾಲ್ಕು ಪ್ಲಾಸ್ಟಿಕ್ ಪಿನ್ ಮೇಲೆ ನಿಲ್ಲುತ್ತದೆ. ಪಿನ್ ಒತ್ತುವಾಗ ಬೋರ್ಡು ಬಗ್ಗೋದು ಕಣ್ಣಿಗೇ ಕಾಣುತ್ತದೆ. ಟಕ್ ಅಂತ ಸದ್ದು ಬರೋವರೆಗೂ ಎದೆ ಬಡಿತ ಜೋರು. 3.8ರವರೆಗೆ ಅದೇ ಸಾಕಾಯಿತು. ಆಮೇಲೆ ಕೂಲರ್ ಮಾಸ್ಟರ್ ಹೈಪರ್ 212 ಇವೋ ತರಿಸಿದೆ. ನಾಲ್ಕು ತಾಮ್ರದ ಹೀಟ್ ಪೈಪ್, 120 ಮಿಲಿಮೀಟರ್ ಫ್ಯಾನು. ಇದರ ಎತ್ತರ 16 ಸೆಂಟಿಮೀಟರ್ ಹತ್ತಿರ ಇದೆ. ನನ್ನ ಹಳೇ ಕ್ಯಾಬಿನೆಟ್ಟಿನ ಬದಿಯ ತಗಡು ಮುಚ್ಚಲೇ ಇಲ್ಲ. ಎರಡು ತಿಂಗಳು ತಗಡು ತೆಗೆದೇ ಓಡಿಸಿದೆ. ರಾಯಚೂರಿನ ಧೂಳಿಗೆ ಅದು ತಪ್ಪು. ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಬೂದು ಬಣ್ಣದ ಅರಳೆ ತುಂಬಿದ ಹಾಗೆ ಆಗಿತ್ತು. ಕೊಳ್ಳೋ ಮುಂಚೆ ಕ್ಯಾಬಿನೆಟ್ಟಿನ ಅಗಲ ಟೇಪು ಹಿಡಿದು ಅಳೆಯಿರಿ.

ಏರಿಸೋದು ಹೇಗೆ ಅಂದರೆ, ಬಹಳ ಸುಲಭ. ಮೂಲ ಗಡಿಯಾರ 100 ಮೆಗಾಹರ್ಟ್ಸ್, ಮಲ್ಟಿಪ್ಲೈಯರ್ 32, ಗುಣಿಸಿದರೆ 3200. ಬಯಾಸ್‌ನಲ್ಲಿ (ಬೋರ್ಡಿನ ಒಳಗಿನ ಸೆಟ್ಟಿಂಗ್ ಪರದೆ) ಆ 32 ಇದ್ದ ಜಾಗದಲ್ಲಿ 36 ಅಂತ ಹಾಕಿ ಸೇವ್ ಮಾಡಿ. ವಿಂಡೋಸ್ ತೆರೆದುಕೊಂಡರೆ ಚಿಪ್ಪಿಗೆ ಪೂರ್ತಿ ಕೆಲಸ ಕೊಟ್ಟು ಪರೀಕ್ಷಿಸೋ ಪ್ರೈಮ್95 ಸಾಫ್ಟ್‌ವೇರ್ ಹಚ್ಚಿ ಒಂದು ತಾಸು ಬಿಡಿ, ಪಕ್ಕದಲ್ಲಿ ಚಿಪ್ಪಿನ ಬಿಸಿ ತೋರಿಸೋ ಕೋರ್ ಟೆಂಪ್ ತೆರೆದಿಟ್ಟು ಡಿಗ್ರಿ ನೋಡುತ್ತಿರಿ. ಏನೂ ತಪ್ಪಾಗದೆ ತಡೆದು ನಿಂತರೆ ಇನ್ನೊಂದು ಏರಿಸಿ. ನಿಲ್ಲದಿದ್ದರೆ ನೀಲಿ ಪರದೆ ಬರುತ್ತದೆ, ಕೆಳಗೆ 124 ಅನ್ನೋ ಕೋಡ್ ಇದ್ದರೆ ಹೆಚ್ಚಿನ ಸಲ ಚಿಪ್ಪಿಗೆ ವೋಲ್ಟೇಜ್ ಸಾಲುತ್ತಿಲ್ಲ ಅಂತ ಅರ್ಥ. ಆಗ 0.02 ವೋಲ್ಟ್ ಹೆಚ್ಚಿಸಿ ಮತ್ತೆ ನೋಡಬೇಕು. ವೋಲ್ಟೇಜನ್ನು ಆಟೋದಲ್ಲಿ ಬಿಡಬೇಡಿ, ಬೋರ್ಡು ತಾನಾಗಿ ಬೇಕಾದ್ದಕ್ಕಿಂತ ಜಾಸ್ತಿ ಕೊಟ್ಟುಬಿಡುತ್ತದೆ. ಈ ಚಿಪ್‌ನಲ್ಲಿ ಒಂದು ಅನುಕೂಲ ಇದೆ. ಇದಕ್ಕೆ ಎವಿಎಕ್ಸ್ (ಹಲವು ಲೆಕ್ಕ ಒಟ್ಟಿಗೆ ಮಾಡಿಸೋ ಸೂಚನೆಗಳ ಗುಂಪು) ಇಲ್ಲ, ಹಾಗಾಗಿ ಐ5, ಐ7ಗಳನ್ನು ಪ್ರೈಮ್95 ಸುಡೋ ಹಾಗೆ ಇದನ್ನು ಸುಡುವುದಿಲ್ಲ. ನಾನು ಒಂದು ಹಳೇ ಬಿಲ್ ಬುಕ್ಕಿನ ಹಿಂದೆ ಮೂರು ಕಾಲಂ ಗೆರೆ ಎಳೆದು ಬರೆದಿಡುತ್ತಾ ಹೋದೆ: ಎಷ್ಟು ವೇಗ, ಎಷ್ಟು ವೋಲ್ಟು, ಎಷ್ಟು ಡಿಗ್ರಿ. ಒಂದು ವಾರ ರಾತ್ರಿ ಅಂಗಡಿ ಶಟರ್ ಅರ್ಧ ಇಳಿಸಿಕೊಂಡು ಇದೇ ಕೆಲಸ. ಆ ವಾರ ಕಂಪ್ಯೂಟರ್ ಬಗ್ಗೆ ಕಲಿತಷ್ಟು ಅದಕ್ಕೆ ಮುಂಚಿನ ಹತ್ತು ವರ್ಷದಲ್ಲಿ ಕಲಿತಿರಲಿಲ್ಲ.

ಡಿಸೆಂಬರಿನಲ್ಲಿ 4.5 ನಿಂತಿತು. 1.28 ವೋಲ್ಟ್, ಕೋಣೆ 24 ಡಿಗ್ರಿ, ಪ್ರೈಮ್95 ಹಚ್ಚಿದಾಗ ಚಿಪ್ 72 ಡಿಗ್ರಿ. ಇಡೀ ರಾತ್ರಿ ಬಿಟ್ಟೆ, ಬೆಳಿಗ್ಗೆ ಬಂದು ನೋಡಿದರೆ ಒಂದೂ ತಪ್ಪಿಲ್ಲ. ಸಾಕಪ್ಪ, ಮುಗಿಯಿತು ಅಂದುಕೊಂಡೆ.

ಮೇ ತಿಂಗಳು ಬಂತು. ಮದುವೆ ಸೀಜನ್. ಮಧ್ಯಾಹ್ನ ಅಂಗಡಿ ಒಳಗೇ 39 ಡಿಗ್ರಿ. ಕೋಣೆ 15 ಡಿಗ್ರಿ ಏರಿದರೆ ಚಿಪ್ಪೂ ಹೆಚ್ಚುಕಮ್ಮಿ ಅಷ್ಟೇ ಏರುತ್ತದೆ, ಕೂಲರ್ ಮಾಡೋದು ಚಿಪ್ಪಿನ ಶಾಖ ತೆಗೆದು ಕೋಣೆಯ ಗಾಳಿಗೆ ಕೊಡೋದು ಅಷ್ಟೇ ಅಲ್ವಾ, ಆ ಗಾಳಿಯೇ ಬಿಸಿ ಇದ್ದರೆ ಅದೇನು ಮಾಡೀತು. ಪ್ರೈಮ್95 ಹಚ್ಚಿದರೆ 88, 89. ನೂರಕ್ಕೆ ಹೋದರೆ ಚಿಪ್ ತನ್ನನ್ನು ಉಳಿಸಿಕೊಳ್ಳೋಕೆ ತಾನೇ ವೇಗ ಇಳಿಸುತ್ತದೆ, ಅಲ್ಲಿವರೆಗೂ ಹೋಗಿರಲಿಲ್ಲ. ಆದರೆ ತೊಂದರೆ ಬೇರೆ ಕಡೆಯಿಂದ ಬಂತು. ಚಳಿಯಲ್ಲಿ ಸಾಕಾಗಿದ್ದ 1.28 ವೋಲ್ಟ್ ಬಿಸಿಯಲ್ಲಿ ಸಾಲಲಿಲ್ಲ. ನೀಲಿ ಪರದೆ ಬಂದಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಬರಲಿಲ್ಲ. ಒಂದು ಮದುವೆ ಕಾರ್ಡಿನ ಫೈಲು ಸೇವ್ ಆಯಿತು, ಮುಚ್ಚಿದೆ, ಮಾರನೇ ದಿನ ತೆರೆದರೆ ತೆರೆಯಲಿಲ್ಲ. ಬ್ಯಾಕಪ್ಪೂ ಹಾಳು. ಮದುಮಗಳ ಅಪ್ಪ ಎದುರಿಗೆ ಕುಳಿತಿದ್ದರು, "ತಮ್ಮಾ, ಇವತ್ತ ಪ್ರೆಸ್ಸಿಗೆ ಹೋಗಬೇಕಲ್ಲ" ಅಂದರು. ಅಷ್ಟೇ ಅಂದರು, ಬೈಯಲಿಲ್ಲ. ನೂರಾರು ನೆಂಟರ ಹೆಸರು ಇದ್ದ ಕಾರ್ಡು ಅದು. ರಾತ್ರಿ ಎರಡು ಗಂಟೆವರೆಗೆ ಕೂತು ಮೊದಲಿನಿಂದ ಹೊಡೆದುಕೊಟ್ಟೆ. ಅದು ನನ್ನ ತಪ್ಪು. ಚಿಪ್ಪಿನ ತಪ್ಪಲ್ಲ. ಡಿಸೆಂಬರಿನಲ್ಲಿ ಪಾಸಾದ ಪರೀಕ್ಷೆಯನ್ನು ಮೇ ತಿಂಗಳಿಗೂ ನಂಬಿದ್ದೆ.

ಆ ರಾತ್ರಿ ಬಿಲ್ ಬುಕ್ಕಿನ ಆ ಪುಟ ಮತ್ತೆ ತೆಗೆದೆ. ಚಿಪ್ಪಿನ ಶಾಖ ವೇಗದ ಜೊತೆ ಏರುತ್ತದೆ, ವೋಲ್ಟೇಜಿನ ಜೊತೆ ಅದರ ವರ್ಗದಷ್ಟು ಏರುತ್ತದೆ. ಮೂಲದಲ್ಲಿ 3.2ಕ್ಕೆ ನನ್ನ ಚಿಪ್ಪು ತಗೊಳ್ಳುತ್ತಿದ್ದದ್ದು 1.05 ವೋಲ್ಟ್. 4.2ಕ್ಕೆ 1.17 ಸಾಕಿತ್ತು. 4.5ಕ್ಕೆ 1.28. ಗುಣಾಕಾರ ಮಾಡಿ ನೋಡಿ, 4.2ರಲ್ಲಿ ಶಾಖ ಮೂಲಕ್ಕಿಂತ ಸುಮಾರು 1.6 ಪಟ್ಟು. 4.5ರಲ್ಲಿ 2.1 ಪಟ್ಟು. ಕೊನೆಯ ಆ 300 ಮೆಗಾಹರ್ಟ್ಸ್‌ನಿಂದ ಸಿಕ್ಕಿದ್ದು ನೂರಕ್ಕೆ ಏಳರಷ್ಟು ವೇಗ, ಕೊಟ್ಟಿದ್ದು ನೂರಕ್ಕೆ ಇಪ್ಪತ್ತೆಂಟರಷ್ಟು ಹೆಚ್ಚಿನ ಶಾಖ. ಜೊತೆಗೆ ಈ ಪೀಳಿಗೆಯ ಚಿಪ್ಪಿನ ತಗಡಿನ ಕೆಳಗೆ ಬೆಸುಗೆ ಇಲ್ಲ, ಪೇಸ್ಟ್ ಇದೆ, ಶಾಖ ಹೊರಗೆ ಬರೋದೇ ನಿಧಾನ. ಅವತ್ತೇ ಮಲ್ಟಿಪ್ಲೈಯರ್ 42 ಹಾಕಿದೆ. ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ, ಬೇಕಂತಲೇ ಕೋಣೆಯ ಫ್ಯಾನ್ ಆಫ್ ಮಾಡಿ, ಪರೀಕ್ಷೆ ಮಾಡಿದೆ. 75 ದಾಟಲಿಲ್ಲ. ಬರೀ ನೆತ್ತಿ ಮೇಲಿನ ಫ್ಯಾನ್ ಬಿಟ್ಟರೆ ಬೇರೆ ಗತಿ ಇಲ್ಲದ ಊರಲ್ಲಿ ಇರುವವರು ಪರೀಕ್ಷೆಯನ್ನು ಬೇಸಿಗೆಯಲ್ಲೇ ಮಾಡಬೇಕು.

ಇನ್ನು ಕೆಲಸದಲ್ಲಿ ಎಷ್ಟು ಉಪಯೋಗ ಆಯಿತು? ಕೋರಲ್‌ಡ್ರಾದಲ್ಲಿ ತುಂಬಾ. ಅದರ ಹೆಚ್ಚಿನ ಕೆಲಸ ಒಂದೇ ಕೋರಿನ ಮೇಲೆ ನಡೆಯುತ್ತದೆ, ಕೋರ್ ಎಷ್ಟಿವೆ ಅನ್ನೋದಕ್ಕಿಂತ ಒಂದು ಕೋರ್ ಎಷ್ಟು ಜೋರಾಗಿ ಓಡುತ್ತದೆ ಅನ್ನೋದೇ ಮುಖ್ಯ. ನೆರಳು, ಹೊಳಪು ಎಲ್ಲಾ ಹಾಕಿದ ಒಂದು ಕಾರ್ಡನ್ನು ಪಿಡಿಎಫ್ ಮಾಡೋಕೆ ಮೊದಲು 50 ಸೆಕೆಂಡ್ ಬೇಕಿತ್ತು, 4.2ರಲ್ಲಿ 38. ಹನ್ನೆರಡು ಸೆಕೆಂಡ್ ಏನು ಮಹಾ ಅನ್ನಬೇಡಿ. ಗಿರಾಕಿ ಪಕ್ಕದಲ್ಲಿ ನಿಂತು "ಗಣಪತಿನ್ನ ಸ್ವಲ್ಪ ಮ್ಯಾಲ ತಗೋರಿ, ಇಲ್ಲ, ಕೆಳಗ ತಗೋರಿ" ಅಂತ ದಿನಕ್ಕೆ ನಲವತ್ತು ಸಲ ಬದಲಾಯಿಸುವಾಗ ಆ ಹನ್ನೆರಡು ಸೆಕೆಂಡ್ ಕೈಗೆ ಗೊತ್ತಾಗುತ್ತದೆ. ಐ7-4790ಕೆ ಅಂತ ಆಗಿನ ದೊಡ್ಡ ಚಿಪ್ ಇತ್ತಲ್ಲ, ಅದರ ಟರ್ಬೋ (ತಾನಾಗಿ ಏರೋ ಗರಿಷ್ಠ) ವೇಗ 4.4. ಒಳಗಿನ ವಿನ್ಯಾಸ ಇದರದ್ದೇ. ಅಂದರೆ ಒಂದೇ ಕೋರಿನ ಕೆಲಸದಲ್ಲಿ ಈ ಐದು ಸಾವಿರದ ಚಿಪ್ಪು ಅದರ ಹತ್ತಿರ ಹತ್ತಿರ ಬಂದುಬಿಡುತ್ತದೆ. ಇಷ್ಟು ದುಡ್ಡಿಗೆ ಇಷ್ಟು ವೇಗ ಆಗ ಬೇರೆಲ್ಲೂ ಇರಲಿಲ್ಲ, ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಬ್ಯಾನರ್ ಕೆಲಸಕ್ಕೆ ಮಾತ್ರ ಏನೂ ಆಗಲಿಲ್ಲ. ಹತ್ತಡಿ ಬ್ಯಾನರಿನ ಫೋಟೋಶಾಪ್ ಫೈಲು ಸೇವ್ ಆಗೋಕೆ ಓವರ್‌ಕ್ಲಾಕ್ ಮುಂಚೆ ಎಷ್ಟು ಹೊತ್ತೋ ಆಮೇಲೂ ಅಷ್ಟೇ ಹೊತ್ತು, ಯಾಕೆಂದರೆ ಅಲ್ಲಿ ಕಾಯಿಸುತ್ತಿದ್ದದ್ದು ಹಾರ್ಡ್ ಡಿಸ್ಕು. ಎಸ್‌ಎಸ್‌ಡಿ ಹಾಕಿದ ದಿನ ಆ ಕಷ್ಟ ಹೋಯಿತು. ನಿಮ್ಮ ಹತ್ತಿರ ಇನ್ನೂ ತಿರುಗೋ ಡಿಸ್ಕ್ ಇದ್ದರೆ, ಕೂಲರಿನ ದುಡ್ಡು ಮೊದಲು ಅದಕ್ಕೆ ಹಾಕಿ.

ಈಗ ಎಸ್‌ಪಿ ರೋಡ್ ಹುಡುಗನ ಮಾತಿಗೆ ಬರುತ್ತೇನೆ. ಎರಡು ಥ್ರೆಡ್ ಅಂದರೆ ಎರಡೇ. ಒಂದು ಕಡೆ ಪಿಡಿಎಫ್ ಆಗುತ್ತಿದ್ದು ಇನ್ನೊಂದು ಕಡೆ ಆಂಟಿವೈರಸ್ ಎದ್ದರೆ ಮೌಸೇ ತಡವರಿಸುತ್ತದೆ. ಐ3-4150ರಲ್ಲೂ ಇರೋದು ಎರಡೇ ಕೋರ್, 3.5 ಗಿಗಾಹರ್ಟ್ಸ್, ಆದರೆ ಒಂದು ಕೋರಿಗೆ ಎರಡು ಥ್ರೆಡ್ ಕೊಡೋ ಹೈಪರ್ ಥ್ರೆಡಿಂಗ್ ಇರೋದರಿಂದ ನಾಲ್ಕು ಥ್ರೆಡ್. ಹತ್ತು ಕೆಲಸ ಒಟ್ಟಿಗೆ ತೆರೆದಿಡೋರಿಗೆ ಅದೇ ಮೇಲು. ಗೇಮ್ ಆಡೋರಿಗೂ ಅಷ್ಟೇ. 2014ರ ನವೆಂಬರಿನಲ್ಲಿ ಬಂದ ಫಾರ್ ಕ್ರೈ 4, ಡ್ರ್ಯಾಗನ್ ಏಜ್ ಇನ್‌ಕ್ವಿಸಿಷನ್ ಎರಡೂ ಬಿಡುಗಡೆಯಾದಾಗ ಎರಡು ಥ್ರೆಡ್ಡಿನ ಚಿಪ್‌ಗಳ ಮೇಲೆ ಶುರುವೇ ಆಗುತ್ತಿರಲಿಲ್ಲ. ನೀವು 4.2 ಮಾಡಿ, 5 ಮಾಡಿ, ಆ ಕೊರತೆ ತುಂಬುವುದಿಲ್ಲ. ಡಾಲ್ಫಿನ್ ಥರದ ಎಮ್ಯುಲೇಟರ್ ಹಾಕಿ ಹಳೇ ಕನ್ಸೋಲ್ ಗೇಮ್ ಆಡೋರಿಗೆ ಮಾತ್ರ ಇದು ಹೇಳಿ ಮಾಡಿಸಿದ ಹಾಗಿತ್ತು, ಅಲ್ಲಿ ಬೇಕಾಗೋದು ಒಂದು ಕೋರಿನ ವೇಗವೇ. ಆಮೇಲೆ 2017ರ ಶುರುವಿನಲ್ಲಿ ಪೆಂಟಿಯಂ ಜಿ4560 ಬಂತು, ಎರಡು ಕೋರ್, ನಾಲ್ಕು ಥ್ರೆಡ್, ಪೆಂಟಿಯಂ ಬೆಲೆಗೇ. ಅಲ್ಲಿಗೆ ಜಿ3258 ಹೊಸದಾಗಿ ಕೊಳ್ಳೋಕೆ ಕಾರಣ ಉಳಿಯಲಿಲ್ಲ.

ಹಾಗಾದರೆ ಈಗ ತಗೊಳ್ಳಬಹುದಾ? ಝಡ್97 ಬೋರ್ಡ್ ಸಮೇತ ಅಗ್ಗಕ್ಕೆ ಸಿಕ್ಕರೆ, ಓವರ್‌ಕ್ಲಾಕ್ ಕಲಿಯೋ ಆಸೆ ಇದ್ದರೆ, ತಗೊಳ್ಳಿ. ಬೋರ್ಡ್ ಉಳಿಯುತ್ತದೆ, ನಾಳೆ ಅದೇ ಸಾಕೆಟ್ಟಿಗೆ ನಾಲ್ಕು ಕೋರಿನ ಐ5, ಐ7 ಹಾಕಬಹುದು. ಎಚ್81, ಬಿ85 ಥರದ ಅಗ್ಗದ ಬೋರ್ಡಿನ ಜೊತೆ ಕೊಡೋಕೆ ಬಂದರೆ ಸ್ವಲ್ಪ ಯೋಚಿಸಿ. ಅವುಗಳಲ್ಲಿ ಕೆಲವು ಬಯಾಸ್ ಅಪ್‌ಡೇಟ್ ಆದ ಮೇಲೆ ಇದನ್ನು ಓವರ್‌ಕ್ಲಾಕ್ ಮಾಡುತ್ತಿದ್ದವು, ಆದರೆ ವಿಂಡೋಸ್ 10 ಬಂದ ಮೇಲೆ ಅದರ ಮೈಕ್ರೋಕೋಡ್ (ಚಿಪ್ಪಿನ ಒಳಗಿನ ಸೂಚನೆ) ಫೈಲಿಂದಾಗಿ ಅಂಥ ಬೋರ್ಡುಗಳಲ್ಲಿ ಈ ಚಿಪ್ ಹ್ಯಾಂಗ್ ಆಗುತ್ತಿತ್ತು, ಜನ ಆ ಫೈಲನ್ನೇ ತೆಗೆದುಹಾಕಿ ಓಡಿಸಬೇಕಾಯಿತು. ವಿಂಡೋಸ್ 11 ಬೆಂಬಲದ ಪಟ್ಟಿಯಲ್ಲಿ ಈ ಚಿಪ್ ಇಲ್ಲ. ಎವಿಎಕ್ಸ್ ಬೇಕು ಅನ್ನೋ ಈಚಿನ ಗೇಮ್, ಸಾಫ್ಟ್‌ವೇರ್ ಕೂಡ ಇದರಲ್ಲಿ ತೆರೆಯುವುದಿಲ್ಲ. ದಿನದ ದುಡಿಮೆಗೆ ಒಂದೇ ಕಂಪ್ಯೂಟರ್ ಇರೋರು ಇದಕ್ಕೆ ಕೈ ಹಾಕಬೇಡಿ.

ನನ್ನದು ಈಗ ಎರಡನೇ ಟೇಬಲ್ಲಿಗೆ ಹೋಗಿದೆ, ನುಡಿಯಲ್ಲಿ ಟೈಪ್ ಮಾಡೋಕೆ, ಹಳೇ ಕೋರಲ್ ಫೈಲು ತೆರೆಯೋಕೆ. ಹೋದ ಬೇಸಿಗೆಯಲ್ಲಿ ಒಂದು ದಿನ ಕರೆಂಟ್ ಹೋಗಿ ಬಂದ ಮೇಲೆ ಅದು ಯಾಕೋ ಮಂದ ಅನ್ನಿಸಿತು. ಅಂಗಡಿಯ ಹುಡುಗಿ ಟೈಪ್ ಮಾಡುತ್ತಾ, "ಸರ, ಇದು ಇವತ್ತ ಭಾಳ ನಿಧಾನ ಐತ್ರಿ" ಅಂದಳು. ನೋಡಿದರೆ ತಾರೀಖೂ ಹಿಂದಕ್ಕೆ ಹೋಗಿತ್ತು. ಬೋರ್ಡಿನ ಬಿಲ್ಲೆ ಬ್ಯಾಟರಿ ಸತ್ತು ಬಯಾಸ್ ಸೆಟ್ಟಿಂಗ್ ಎಲ್ಲಾ ಅಳಿಸಿಹೋಗಿ ಚಿಪ್ 3.2ಕ್ಕೆ ಬಂದು ಕೂತಿತ್ತು. ಹೊಸ ಬ್ಯಾಟರಿ ಹಾಕಿದೆ. ಕ್ಯಾಬಿನೆಟ್ಟಿನ ಒಳಗೆ ಬಿಲ್ ಬುಕ್ಕಿನ ಆ ಹಾಳೆ ಅಂಟಿಸಿಟ್ಟಿದ್ದೇನೆ, ಅದನ್ನು ನೋಡಿಕೊಂಡು ಮತ್ತೆ 42, 1.17 ಅಂತ ಹಾಕಿ ಸೇವ್ ಮಾಡಿದೆ. ಅವಳು ಐದು ನಿಮಿಷ ಟೈಪ್ ಮಾಡಿ, "ಈಗ ಸರಿ ಆತ್ರಿ" ಅಂದಳು.