ಆನ್‌ಲೈನ್ ಬೀಜದ ಬಟಾಟಿ ತರಿಸೋರು ಸ್ವಲ್ಪ ತಡೀರಿ

ಪುಣೆ, ಮುಂಬೈ ಕಡೆ ಟೆರೇಸ್ ಮ್ಯಾಲೆ ಬಟಾಟಿ ಹಚ್ಚೋರೆಲ್ಲ ಇದನ್ನ ಓದ್ರಿ, ಒಂದು ಗಡ್ಡಿಯಿಂದ ನಮ್ಮ ಪೂರಾ ಟೆರೇಸ್ ಹಾಳಾಗ್ಯದ.

ದೀಪಾವಳಿ ಮುಂದ ಒಬ್ಬ ಆನ್‌ಲೈನ್ ಸೆಲ್ಲರ್ ಕಡಿಂದ ಸರ್ಟಿಫೈಡ್ ಕುಫ್ರಿ ಜ್ಯೋತಿ ತಳಿ ಬಟಾಟಿ ಅಂತ ತರಿಸಿದ್ವಿ. ಬಂದದ್ದು ಬರೇ ಜಾಳಗಿ ಚೀಲ, ಒಳಗ ಟ್ಯಾಗ್ ಇಲ್ಲ, ಲಾಟ್ ನಂಬರ್ ಇಲ್ಲ. ಕೇಳಿದ್ರ "ಸಣ್ಣ ಪ್ಯಾಕಿಗೆ ಟ್ಯಾಗ್ ಬರೂದಿಲ್ಲ ಮೇಡಂ" ಅಂದ. ಗಡ್ಡಿ ನೋಡ್ಲಿಕ್ಕೆ ಛಲೋನ ಇದ್ವು, ಮೊಳಕಿ ಬಂದಿದ್ವು, ಗ್ರೋ ಬ್ಯಾಗಿಗೆ ಹಚ್ಚಿದ್ವಿ, ಗಿಡ ಮೊಣಕಾಲ ಮಟ ಎದ್ದು ಬುಡಕ್ಕ ಮಣ್ಣೂ ಏರಿಸಿದ್ವಿ. ಒಂದಿನ ಮಧ್ಯಾಹ್ನ ಒಂದು ಗಿಡದ ತುದಿ ಜೋತು ಬಿದ್ದಿತ್ತು. ಎಲಿ ಹಸರನ ಅದಾವ, ಮಣ್ಣು ಹಸಿ ಅದ, ಹುಳ ಇಲ್ಲ. ಸಂಜಿಗೆ ಸ್ವಲ್ಪ ಎದ್ದಂಗ ಆತು, ಮರುದಿನ ಮತ್ತ ಮಲಗಿದ್ದು ಏಳಲೇ ಇಲ್ಲ. ಸೆಲ್ಲರ್‌ಗೆ ಫೋಟೋ ಕಳಿಸಿದ್ರ ನೀರು ಜಾಸ್ತಿ ಹಾಕೀರಿ ಅಂತ ಒಂದೇ ಮಾತು.

ಕೆಳಗಿನ ಮನಿ ಕಾಕಾ ಪುಣೆ ಜಿಲ್ಲಾದ ಮಂಚರ್ ಕಡೆಯವ್ರು, ಬಟಾಟಿ ಬೆಳದ ಮನಿ. ಅವ್ರು ಬಂದು ಬುಡದ ಕಾಂಡ ಕೊಯ್ದು, ಗಾಜಿನ ಗ್ಲಾಸಿನ್ಯಾಗ ತಿಳಿ ನೀರು ಹಾಕಿ, ಕೊಯ್ದ ತುದಿ ಅದ್ರಾಗ ಅಲ್ಲಾಡದಂಗ ಹಿಡದ್ರು. ಸ್ವಲ್ಪ ಹೊತ್ತಿಗೆ ತುದಿಯಿಂದ ಬೆಳ್ಳಗ ಹಾಲಿನಂಥ ಎಳಿ ಸಣ್ಣಗ ಕೆಳಗ ಇಳೀಲಿಕ್ಕೆ ಶುರು ಆತು. ಅದು ಬ್ಯಾಕ್ಟೀರಿಯಾ. ಗಡ್ಡಿ ತಗದು ಕೊಯ್ದ್ರ ಸಿಪ್ಪಿ ಒಳಗ ಕಂದು ಬಣ್ಣದ ಬಳಿ, ಒತ್ತಿದ್ರ ಅಂಟಂಟು ರಸ, ಗಡ್ಡಿ ಮ್ಯಾಲಿನ ಮೊಳಕಿ ಬರೋ ಕಣ್ಣಿಗೆಲ್ಲ ಮಣ್ಣು ಮೆತ್ಕೊಂಡಿತ್ತು. ದುಂಡಾಣು ಸೊರಗು ರೋಗ ಅಂತಾರ. ಇದು ಹೊಸಾದೂ ಅಲ್ಲ, ಭಾರತದಾಗ ಮೊದಲು ವರದಿ ಆಗಿದ್ದು 1892ರಾಗ, ಇದೇ ಪುಣೆ ಜಿಲ್ಲಾದಾಗ.

ಬಟಾಟಿ ಹೋದ್ರ ಹೋಗ್ಲಿ, ಇದಕ್ಕ ಹೊಡಿಯೋ ಔಷಧ ಇಲ್ಲ, ಮಣ್ಣಾಗ ಉಳೀತದ, ಒಂದು ಬ್ಯಾಗಿನಿಂದ ಹರಿದ ನೀರು ಇನ್ನೊಂದಕ್ಕ ಹೋದ್ರ ಅಲ್ಲೂ ಹೋಗ್ತದ, ಕುರ್ಪಿಗೆ ಹತ್ತಿದ ಮಣ್ಣಿನಿಂದ್ಲೂ ಹೋಗ್ತದ. ನಮ್ಮತ್ತಿ ಪ್ರೀತಿಲೇ ಬೆಳಸಿದ್ದ ಬದನಿಗಿಡ, ಟೊಮ್ಯಾಟೊ ಎಲ್ಲಾ ಹಂಗ ಹಸರ ಇದ್ದಂಗನ ಸೊರಗಿ ಹೋದ್ವು. ಅವ್ರ ಮಾರಿ ನೋಡ್ಲಿಕ್ಕೆ ಆಗ್ಲಿಲ್ಲ ನನಗ. ಆ ಸೆಲ್ಲರ್ ಇನ್ನೂ ಅದೇ ಫೋಟೋ ಹಾಕಿ ಮಾರ್ಲಿಕ್ಕತ್ಯಾನ, ಅದಕ್ಕ ಹೊಟ್ಟಿ ಉರೀತದ.

ಸರ್ಟಿಫೈಡ್ ಬೀಜ ಅಂದ್ರ ಚೀಲಕ್ಕ ನೀಲಿ ಟ್ಯಾಗ್ ಇರಬೇಕು, ಇಲ್ಲಂದ್ರ ಬಾಯಿ ಮಾತು ನಂಬಬ್ಯಾಡ್ರಿ. ಗಡ್ಡಿ ಬಂದ ಕೂಡ್ಲೆ ಒಂದೆರಡು ಅಡ್ಡ ಕೊಯ್ದು ನೋಡ್ರಿ, ಕಂದು ಬಳಿ ಕಂಡ್ರ ಇಡೀ ಚೀಲ ವಾಪಸ್ ಮಾಡ್ರಿ. ಬಳಿ ಕಾಣ್ಲಿಲ್ಲಂದ್ರೂ ರೋಗ ಒಳಗ ಅಡಗಿರಬಹುದು, ಹಿಂಗಾಗಿ ಟೊಮ್ಯಾಟೊ, ಬದನಿ, ಮೆಣಸಿನಗಿಡದಿಂದ ದೂರ ಇಡ್ರಿ, ನೀರು ಅತ್ಲಾಗ ಹರೀಬಾರ್ದು. ನೆಡ್ಲಿಕ್ಕೆ ಸಣ್ಣ ಇಡೀ ಗಡ್ಡಿನ ಆರಿಸ್ರಿ, ಹೋಳು ಮಾಡಿದ್ರ ಚಾಕುವಿನಿಂದ ಒಂದರ ರೋಗ ಎಲ್ಲಾದಕ್ಕೂ ಹತ್ತತದ.

ಆಗಲೇ ಗಿಡ ಸೊರಗಿದ್ರ ಆ ಮಣ್ಣು ಕಾಂಪೋಸ್ಟಿಗೆ, ಸೊಸೈಟಿ ಗಾರ್ಡನ್‌ಗೆ ದಯವಿಟ್ಟು ಸುರೀಬ್ಯಾಡ್ರಿ, ಗಿಡ ಗಡ್ಡಿ ಸಮೇತ ಚೀಲದಾಗ ಕಟ್ಟಿ ಬ್ಯಾರೆ ಇಡ್ರಿ. ನಾವು ಉಳದ ಬ್ಯಾಗಿನ್ಯಾಗ ಈಗ ಬರೇ ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಾಕೀವಿ.